ಮಾರಿಕಣಿವೆ ಹಿನ್ನೀರಿನಲ್ಲಿ ಮೂರು ಬೆಳಗು

ಚಿತ್ರದುರ್ಗದವನಿಗೆ ಕಡಲು ದೂರದ ಆಸೆ. ಒಮ್ಮೆ ಮರವಂತೆಗೆ ಹೋಗಿ, ಕತ್ತಲಲ್ಲೇ ಸಮುದ್ರದ ಕಡೆ ಟ್ರೈಪಾಡ್ ಮೇಲೆ ಕ್ಯಾಮೆರಾ ನಿಲ್ಲಿಸಿ ಸೂರ್ಯನಿಗಾಗಿ ಕಾದೆ. ಅವನು ಹುಟ್ಟಿದ್ದು ಬೆನ್ನ ಹಿಂದೆ, ಹೆದ್ದಾರಿಯಾಚೆಯ ಸೌಪರ್ಣಿಕಾ ನದಿಯ ಕಡೆ! ಪಡುವಣ ಕಡಲು ಅಂತ ಶಾಲೆಯಲ್ಲಿ ಓದಿದ್ದೆಲ್ಲ ಎಲ್ಲಿ ಹೋಗಿತ್ತೋ.

ಅದೇ ಪೆದ್ದುತನ ಮನೆ ಹತ್ತಿರವೂ ಮಾಡಿದೆ. ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ. ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು 1907ರಲ್ಲಿ ಮುಗಿಸಿದ ಕಟ್ಟೆ. ಅದರ ಬಳಿ ನಿಂತರೆ ಇಲ್ಲೂ ನೀರು ಪಡುವಣಕ್ಕೇ. ನೀರಿನ ಮೇಲೆ ಸೂರ್ಯ ಬೇಕಾದರೆ ಸುತ್ತು ಹಾಕಿ ಹೊಸದುರ್ಗದ ಕಡೆಯ ಹಿನ್ನೀರಿಗೆ ಹೋಗಬೇಕು. 2022ರಲ್ಲಿ, 89 ವರ್ಷದ ಮೇಲೆ ಕೋಡಿ ಬಿದ್ದಾಗಿನಿಂದ ನನಗೆ ಆ ದಡದ ಹುಚ್ಚು.

ಮೊದಲ ಸಲ ಡಿಸೆಂಬರ್. 6.40ರ ಸುಮಾರಿಗೆ ಹುಟ್ಟಬೇಕಾದ ಸೂರ್ಯ ಮೋಡದೊಳಗೇ ಉಳಿದ. ಹತ್ತು ನಿಮಿಷ ನೋಡಿ ಗಂಟುಮೂಟೆ ಕಟ್ಟಿದೆ. ಬೈಕ್ ರಸ್ತೆಗೆ ಏರಿಸಿ ತಿರುಗಿ ನೋಡಿದರೆ ಇಡೀ ನೀರು ಕೆಂಡದ ಬಣ್ಣ.

ಎರಡನೇ ಸಲ ಕಾದೆ, ಆದರೆ ಲೆನ್ಸಿನ ಗಾಜಿಗೆ ಇಬ್ಬನಿ ಕೂತದ್ದು ಗೊತ್ತಾಗಲಿಲ್ಲ. ಚಿತ್ರಗಳೆಲ್ಲ ಹಾಲು ಚೆಲ್ಲಿದ ಹಾಗೆ. ಈಗ ಲೆನ್ಸಿನ ಬಾಯಿಗೆ ಹುಡ್ ಅನ್ನೋ ಮರೆ ಹಾಕಿಯೇ ಇಡುತ್ತೇನೆ, ಐದೈದು ನಿಮಿಷಕ್ಕೊಮ್ಮೆ ಗಾಜಿಗೆ ಟಾರ್ಚ್ ಬಿಟ್ಟು ನೋಡುತ್ತೇನೆ.

ಮೂರನೇ ಸಲ 6 ಗಂಟೆಗೇ ನಿಂತಿದ್ದೆ. ಗಾಳಿ ಇನ್ನೂ ಎದ್ದಿರಲಿಲ್ಲ, ನೀರು ಕನ್ನಡಿಯಂತಿತ್ತು. ಶಟರ್ 30 ಸೆಕೆಂಡು ತೆರೆದಿಟ್ಟೆ. ಚೌಕಟ್ಟಿನೊಳಗೆ ಒಬ್ಬರು ತೆಪ್ಪ ನಡೆಸುತ್ತಾ ಬಂದರು. ದಡದ ಹತ್ತಿರ ಬಂದವರೇ, "ಏನ್ ಸಾರ್, ನಿಮ್ಗೇನಾದ್ರೂ ಬಿತ್ತಾ?" ಅಂದರು. ಸ್ಕ್ರೀನ್ ತೋರಿಸಿದೆ. ನೀರು, ಗುಡ್ಡ, ನೀಲಿ ಆಕಾಶ, ಎಲ್ಲ ಇತ್ತು. ತೆಪ್ಪ ಓಡಾಡಿದ ಕಡೆ ಮಾತ್ರ ಒಂದು ಎಳೆ ಹೊಗೆ.

"ಇದ್ರಾಗೆ ನಾನೇ ಇಲ್ವಲ್ಲ!"

ಶಟರ್ ಅಷ್ಟು ಹೊತ್ತು ತೆರೆದಿದ್ದರೆ ಅಲುಗಾಡುವವರು ಅಳಿಸಿಹೋಗುತ್ತಾರೆ ಅಂತ ಏನೋ ವಿವರಿಸಿದೆ. ಅವರಿಗೆ ಅದು ನೆಪ ಅನ್ನಿಸಿತೋ ಏನೋ, ನಕ್ಕು ಬಲೆ ಎತ್ತಲು ಹೊರಟರು. ಆ ನಗು ಕೊರೆಯಿತು. ಸೂರ್ಯನನ್ನು ಬಿಟ್ಟು ಅವರನ್ನೇ ಹಿಡಿಯೋಣ ಅಂತ ಶಟರ್ ಚಕ್ಕನೆ ಮುಚ್ಚುವ ಹಾಗೆ ಐಎಸ್ಒ, ಅಂದರೆ ಬೆಳಕು ಹಿಡಿಯುವ ಚುರುಕು, ಏರಿಸಿ ಕೂತೆ. ಅವತ್ತೂ ಮೋಡವೇ. ಏಳಾಯಿತು. ಕಾಲು ಜೋಮು ಹಿಡಿಯಿತು, ಫ್ಲಾಸ್ಕಿನ ಚಹಾ ಮುಗಿಯಿತು. ಅವರು ಮಾತ್ರ ಅವಸರವಿಲ್ಲದೆ ಮೊಳ ಮೊಳವಾಗಿ ಬಲೆ ಎಳೆಯುತ್ತಿದ್ದರು.

7.10ಕ್ಕೆ ಮೋಡದ ಕೆಳಗಂಚು ಸೀಳಿತು. ಅವರು ಎದ್ದು ನಿಂತು ಬಲೆ ಕೊಡವಿದರು. ಸೆಕೆಂಡಿನ 1/500ರಲ್ಲಿ ನಾಲ್ಕೈದು ಸಲ ಒತ್ತಿದೆ. ಕಪ್ಪು ಆಕೃತಿ, ಸುತ್ತ ಹನಿಗಳು, ಒಂದೊಂದರೊಳಗೂ ಬೆಳಕು.

ದಡಕ್ಕೆ ಬಂದಾಗ ತೋರಿಸಿದೆ. "ಹ್ಞೂಂ, ಈಗ ಇದೀನಿ" ಅಂದರು. ಆಮೇಲೆ ಸ್ಕ್ರೀನ್ ಮೇಲೆ ಒದ್ದೆ ಬೆರಳಿಟ್ಟು, "ಇಲ್ಲಿ ಬಲೆ ಹರಿದೈತೆ ನೋಡ್ರಿ, ಅದ್ಕೇ ಮೀನು ಕಮ್ಮಿ" ಅಂದರು.