ಸಿನಿಮಾ ತೋರಿಸಿ ಧರ್ಮಗಳ ಪಾಠ ಮಾಡುವುದು ಹೇಗೆ?

ಜಗತ್ತಿನ ಧರ್ಮಗಳ ಪಾಠಕ್ಕೆ ಸಿನಿಮಾ ಹಾಕುವವರು ಬಹಳ ಸಲ ಪೂರ್ತಿ ಚಿತ್ರ ತೋರಿಸಿ, ಕೊನೆಗೆ ‘ಕಥೆಯ ಸಾರಾಂಶ ಬರೆಯಿರಿ’ ಎಂದುಬಿಡುತ್ತಾರೆ. ಮಕ್ಕಳು ಕಥೆಯನ್ನು ಚೆನ್ನಾಗಿಯೇ ಬರೆಯುತ್ತಾರೆ. ಧರ್ಮದ ಬಗ್ಗೆ ಏನು ಕಲಿತರು ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಆಂಗ್ ಲೀ ನಿರ್ದೇಶನದ ‘ಲೈಫ್ ಆಫ್ ಪೈ’ (2012) ಚಿತ್ರವನ್ನೇ ಉದಾಹರಣೆಯಾಗಿಟ್ಟುಕೊಂಡು ಬೇರೆ ದಾರಿ ನೋಡೋಣ.

ಚಿತ್ರದ ಅವಧಿ 127 ನಿಮಿಷ. ಅಷ್ಟೂ ಬೇಡ. ಪುದುಚೇರಿಯ ಹುಡುಗ ಪೈ ಹಿಂದೂ, ಕ್ರೈಸ್ತ, ಇಸ್ಲಾಂ ಮೂರನ್ನೂ ತನ್ನದಾಗಿಸಿಕೊಳ್ಳುವುದು ಅವನು ಪ್ರಯಾಣಿಸುವ ಹಡಗು ಮುಳುಗುವ ಮೊದಲೇ. ಪಾಠಕ್ಕೆ ಆ ಭಾಗ ಸಾಕು. ಮೊದಲು ನೀವೊಬ್ಬರೇ ನೋಡಿ. ಹುಲಿಗೆ ಆಡನ್ನು ಬಲಿಕೊಡುವ ದೃಶ್ಯ ಅಲ್ಲೇ ಬರುತ್ತದೆ. ಅದನ್ನು ಬಿಡಬೇಕೋ, ಮುಂಚೆಯೇ ಹೇಳಿ ತೋರಿಸಬೇಕೋ ಎಂಬುದು ಮಕ್ಕಳ ವಯಸ್ಸು ನೋಡಿ ನಿರ್ಧರಿಸಬೇಕಾದ ಮಾತು.

ಚಿತ್ರ ಹಾಕುವ ಮುನ್ನ ಮೂರೂ ಧರ್ಮಗಳ ಮೂಲ ಸಂಗತಿಗಳನ್ನು ಒಂದು ಪೀರಿಯಡ್‌ನಲ್ಲಿ ಹೇಳಿ ಮುಗಿಸಿ. ಚಿತ್ರ ಮನಸ್ಸನ್ನು ತಟ್ಟುತ್ತದೆ, ಆದರೆ ವಿವರಿಸುವುದಿಲ್ಲ.

ಇನ್ನು ವೀಕ್ಷಣಾ ಹಾಳೆ, ಅಂದರೆ ಚಿತ್ರ ನೋಡುತ್ತಾ ಗಮನಿಸಿದ್ದನ್ನು ಮಕ್ಕಳು ಬರೆದುಕೊಳ್ಳುವ ಹಾಳೆ. ಧರ್ಮಗಳ ಅಧ್ಯಯನದಲ್ಲಿ ದೊಡ್ಡ ಹೆಸರಾದ ನಿನಿಯನ್ ಸ್ಮಾರ್ಟ್ ಧರ್ಮವನ್ನು ಏಳು ಮುಖಗಳಲ್ಲಿ ನೋಡಿದರು: ಆಚರಣೆ, ಅನುಭವ, ಕಥನ, ತತ್ತ್ವ, ನೀತಿ, ಸಮುದಾಯ, ವಸ್ತುರೂಪ. ತರಗತಿಯನ್ನು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಮುಖ ಕೊಡಿ. ಬಾಲಕೃಷ್ಣನ ಬಾಯಲ್ಲಿ ಯಶೋದೆ ಬ್ರಹ್ಮಾಂಡ ಕಾಣುವುದು ‘ಕಥನ’ದ ಗುಂಪಿಗೆ ಸಿಗುತ್ತದೆ. ಚರ್ಚಿನ ತೀರ್ಥಜಲ ‘ವಸ್ತುರೂಪ’ದವರಿಗೆ, ನಮಾಜು ‘ಆಚರಣೆ’ಯವರಿಗೆ. ಊಟದ ಮೇಜಿನಲ್ಲಿ ಅಪ್ಪ, ಅಮ್ಮ, ಮಗ ನಂಬಿಕೆ ಮತ್ತು ವಿಚಾರದ ಬಗ್ಗೆ ವಾದಿಸುವ ದೃಶ್ಯಕ್ಕೆ ಮಾತ್ರ ಎರಡು ಮೂರು ಗುಂಪುಗಳು ಜಗಳಕ್ಕೆ ನಿಲ್ಲುತ್ತವೆ. ನಿಲ್ಲಲಿ, ಪಾಠದ ರುಚಿಯೇ ಅಲ್ಲಿದೆ.

ಎರಡನೇ ಬಾರಿ ನೋಡುವಾಗ ಪ್ರಶ್ನೆ ಬದಲಾಗಬೇಕು: ನಿರ್ದೇಶಕರು ಏನನ್ನು ಬಿಟ್ಟಿದ್ದಾರೆ? ಇಸ್ಲಾಂಗೆ ಸಿಕ್ಕ ಹೊತ್ತು ಬಲು ಕಡಿಮೆ. ಪ್ರಾರ್ಥನೆಯ ನಾದ, ನೆಮ್ಮದಿ ಇವೆ, ತತ್ತ್ವದ ವಿವರ ಅಷ್ಟಾಗಿ ಇಲ್ಲ. ಇದನ್ನು ತಾವಾಗಿಯೇ ಗುರುತಿಸಿದ ವಿದ್ಯಾರ್ಥಿ, ಚಿತ್ರ ಬೇರೆ, ಆ ಧರ್ಮವನ್ನು ಬದುಕುವ ಜನ ಬೇರೆ ಎಂಬುದನ್ನು ಹಿಡಿದಂತೆಯೇ. ನನ್ನ ಮಟ್ಟಿಗೆ ಇಡೀ ಪಾಠ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಮೌಲ್ಯಮಾಪನಕ್ಕೆ ತರಗತಿಯಲ್ಲಿ ಚರ್ಚಿಸದ ತುಣುಕನ್ನೇ ಇಡಿ. ಹಡಗಿನಲ್ಲಿ ಬೌದ್ಧ ನಾವಿಕನೊಬ್ಬ, ಗ್ರೇವಿ ಮಾಂಸವಲ್ಲ, ಬರೀ ರುಚಿ ಎನ್ನುತ್ತಾ ಅನ್ನಕ್ಕೆ ಹಾಕಿಕೊಂಡು ತಿನ್ನುವ ಪುಟ್ಟ ದೃಶ್ಯವಿದೆ. ‘ಇದರಿಂದ ಬೌದ್ಧರ ಆಹಾರ ಪದ್ಧತಿಯ ಬಗ್ಗೆ ಏನು ಹೇಳಬಹುದು, ಏನು ಹೇಳಲಾಗದು?’ ಎಂದು ಕೇಳಿ. ‘ಬೌದ್ಧರೆಲ್ಲ ಹೀಗೆ’ ಎಂದು ಬರೆದರೆ ಅಂಕ ಕಳೆಯಿರಿ. ಮಾಂಸಾಹಾರದ ವಿಷಯದಲ್ಲಿ ಬೌದ್ಧ ಪರಂಪರೆಗಳಲ್ಲೇ ಭಿನ್ನ ನಿಲುವುಗಳಿವೆ ಎಂದು ಬರೆದವರಿಗೆ ಧಾರಾಳವಾಗಿ ಕೊಡಿ.

ಅಂಕಗಳು 20 ಎಂದಿಟ್ಟುಕೊಂಡರೆ, ದೃಶ್ಯದಿಂದ ಕೊಟ್ಟ ಪುರಾವೆಗೆ 6, ಧರ್ಮದ ಸರಿಯಾದ ತಿಳಿವಳಿಕೆಗೆ 8, ಚಿತ್ರ ಏನನ್ನು ಆಯ್ದಿದೆ, ಏನನ್ನು ಬಿಟ್ಟಿದೆ ಎಂಬ ವಿಶ್ಲೇಷಣೆಗೆ 6. ಈ ಪಟ್ಟಿ ಚಿತ್ರ ನೋಡುವ ಮೊದಲೇ ಮಕ್ಕಳ ಕೈಯಲ್ಲಿರಲಿ. ನಂಬಿಕೆಗೆ ಅಂಕವಿಲ್ಲ, ನಂಬದಿರುವುದಕ್ಕೂ ಇಲ್ಲ. ‘ನಿಮಗೆ ಯಾವ ಧರ್ಮ ಇಷ್ಟ?’ ಎಂಬ ಪ್ರಶ್ನೆಯಂತೂ ಬೇಡವೇ ಬೇಡ. ಹಾಗೆಯೇ, ಚರ್ಚೆಯಲ್ಲಿರುವ ಧರ್ಮದ ವಿದ್ಯಾರ್ಥಿಯೊಬ್ಬರು ತರಗತಿಯಲ್ಲಿದ್ದರೆ ‘ನೀನೇ ಹೇಳಪ್ಪಾ’ ಎಂದು ಎಬ್ಬಿಸಿ ನಿಲ್ಲಿಸಬೇಡಿ. ಒಂದು ಮಗು ಇಡೀ ಸಮುದಾಯದ ವಕೀಲನಲ್ಲ.

ಚಿತ್ರ ನೋಡಲು ಒಪ್ಪದ ಮನೆಯವರಿರಬಹುದು. ಅಂಥ ವಿದ್ಯಾರ್ಥಿಗೆ ಅದೇ ವಿಷಯದ ಮೇಲೆ ಒಂದು ಪುಟದ ಬರಹ ಕೊಟ್ಟು, ಪ್ರಶ್ನೆಯನ್ನೂ ಅಂಕದ ಹಂಚಿಕೆಯನ್ನೂ ಹಾಗೆಯೇ ಉಳಿಸಿಕೊಳ್ಳಿ.