ಮನೆಯಲ್ಲೇ ಫೋನಿಕ್ಸ್ ಕಲಿಸುವವರಿಗೆ

ಪುಣೆಯಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಕೊಡುವವರು ಫೋನಿಕ್ಸ್ (ಅಕ್ಷರಗಳ ಧ್ವನಿ ಕೂಡಿಸಿ ಇಂಗ್ಲಿಷ್ ಓದಲು ಕಲಿಸುವ ವಿಧಾನ) ಕಿಟ್ ಕೊಳ್ಳುವ ಮುಂಚೆ ಅದರ ಮೊದಲ ಪಾಠ ನೋಡಿ. ಎ ಯಿಂದ ಝಡ್‌ವರೆಗೆ ಸಾಲಾಗಿ ಹೋದರೆ ಬೇಡ. ಜಾಲಿ ಫೋನಿಕ್ಸ್ ಅನ್ನುವ ಕಲಿಕಾ ಕ್ರಮದಲ್ಲಿ 42 ಧ್ವನಿಗಳಿವೆ. ಮೊದಲು ಬರುವುದು ಎಸ್, ಎ, ಟಿ, ಐ, ಪಿ, ಎನ್. ಈ ಆರರಿಂದಲೇ ಮಗು ಸ್ಯಾಟ್, ಪಿನ್, ಟ್ಯಾಪ್ ಅಂತ ಕೂಡಿಸಿ ಓದಬಹುದು.

ಕಿಟ್‌ನ ವಿಡಿಯೋದಲ್ಲಿ ಟೀಚರ್ 'ಸ, ಟ, ಪ' ಅಂತಾರಾ, 'ಸ್, ಟ್, ಪ್' ಅಂತಾರಾ ಕೇಳಿಸಿಕೊಳ್ಳಿ. 'ಸ' ಅಂತ ಕಲಿತರೆ ಕೂಡಿಸುವಾಗ ಮಗು ತಡವರಿಸುತ್ತದೆ. ಅರ್ಧಾಕ್ಷರ ಗೊತ್ತಿರುವ ನಮಗೆ ಇದು ಸುಲಭ, ಅಲ್ವಾ?

ಕಲಿತ ಧ್ವನಿಗಳಷ್ಟೇ ಇರುವ ಪುಟ್ಟ ಪುಸ್ತಕಗಳು ಜೊತೆಗೆ ಬೇಕೇ ಬೇಕು. ಸ್ಟಿಕರ್, ಆಟಿಕೆ ಎಲ್ಲ ಸುಮ್ನೆ ಖರ್ಚು. ಅಪ್ಪಾ ಬಳವಂತ ಚೌಕದ ಪುಸ್ತಕದ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಿ, ಪುಟ ತಿರುವಿ ನೋಡಿಯೇ ಕೊಳ್ಳಿ.