ಪಾರ್ಟ್ನರ್ 2 ಹಾರ್ಟ್ಸ್ ಅಂದಾಗ

ಆಲ್ದೂರಿನ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ತೋಟದಲ್ಲಿ ಕೆಲಸ ಕಡಿಮೆ. ಸಂಜೆ ಜಗಲಿಯಲ್ಲಿ ನಾಲ್ಕು ಜನ ಸೇರಿ ಬ್ರಿಡ್ಜ್ ಎಂಬ ಇಸ್ಪೀಟಾಟಕ್ಕೆ ಕೂರುತ್ತೇವೆ. ಚಿಕ್ಕಪ್ಪ ನನ್ನ ಪಾರ್ಟ್ನರ್. ಆಡುವ ಮೊದಲು ಯಾವ ಸೂಟು ತುರುಫು, ಎಷ್ಟು ಟ್ರಿಕ್ (ಪಟ್ಟು) ಗೆಲ್ಲುತ್ತೇವೆ ಎಂದು ಕರೆ ಹೇಳಬೇಕು; 2 ಎಂದರೆ ಆರರ ಮೇಲೆ ಎರಡು, ಅಂದರೆ ಎಂಟು ಟ್ರಿಕ್. ಅವರು 2 ಡೈಮಂಡ್ಸ್, 2 ಹಾರ್ಟ್ಸ್ ಅಥವಾ 2 ಸ್ಪೇಡ್ಸ್ ಎಂದು ಶುರು ಮಾಡಿದರೆ, ಆ ಸೂಟಿನಲ್ಲಿ ಆರು ಎಲೆ, ಕೈಯಲ್ಲಿ ಒಟ್ಟು 5ರಿಂದ 10 ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1) ಎಂದರ್ಥ. ವೀಕ್ ಟೂ ಎಂಬ ಈ ದುರ್ಬಲ ಕೈಯ ಕರೆಗೆ ಉತ್ತರ ಹೇಳುವುದನ್ನು ನನಗೆ ಸರಿಯಾಗಿ ಕಲಿಸಿದ್ದು ಒಂದು ಸೋತ ಕೈ.

ಆ ದಿನ ಅವರು 2 ಹಾರ್ಟ್ಸ್ ಅಂದರು. ನನ್ನಲ್ಲಿ ಸ್ಪೇಡ್ ರಾಜ, ರಾಣಿ, ಗುಲಾಮ, ನಾಲ್ಕು. ಡೈಮಂಡ್ ರಾಜ, ರಾಣಿ, ಎಂಟು, ಮೂರು. ಕ್ಲಬ್ಸ್ ರಾಜ, ರಾಣಿ, ಗುಲಾಮ, ಐದು. ಹಾರ್ಟ್ಸ್ ಬರೀ ಆರು. 17 ಪಾಯಿಂಟ್! ಯೋಚಿಸದೆ 3 ನೋಟ್ರಂಪ್ ಅಂದೆ, ಅಂದರೆ ತುರುಫೇ ಇಲ್ಲದೆ ಒಂಬತ್ತು ಟ್ರಿಕ್. ಎದುರಾಳಿಗಳ ಕೈಯಲ್ಲಿ ಮೂರು ಎಕ್ಕ. ಚಿಕ್ಕಪ್ಪನ ಹಾರ್ಟ್ಸ್ ಎಕ್ಕ, ರಾಣಿಯಿಂದ ಕೆಳಗೆ ಆರು ಎಲೆ ಟೇಬಲ್ ಮೇಲೆ (ಆಡುವವನ ಪಾರ್ಟ್ನರ್ ಎಲೆ ಬಿಚ್ಚಿಡುತ್ತಾನೆ) ಸಾಲಾಗಿ ಬಿದ್ದಿತ್ತು, ಆದರೆ ಅಲ್ಲಿಗೆ ಮತ್ತೆ ಹೋಗಲು ನನ್ನಲ್ಲಿ ಎರಡನೇ ಹಾರ್ಟ್ ಇರಲಿಲ್ಲ. ಆರೇ ಟ್ರಿಕ್ ಬಂತು, ಮೂರು ಡೌನ್, ಅಂದರೆ ಹೇಳಿದ್ದಕ್ಕಿಂತ ಮೂರು ಕಮ್ಮಿ. "ಮಾರಾಯ, ನನ್ನ ಕೈಗೆ ಬರೋ ದಾರಿ ನೋಡ್ಕೊಂಡಿದ್ಯಾ?" ಅಂದರು ಚಿಕ್ಕಪ್ಪ. ಪಾಸ್ ಅಂದಿದ್ದರೆ ಅವರ ಆರು ಹಾರ್ಟ್ಸೂ ತುರುಫಾಗಿ ದುಡಿಯುತ್ತಿದ್ದವು.

ಅಂದಿನಿಂದ ಮೊದಲು ನೋಡುವುದು ಪಾಯಿಂಟ್ ಅಲ್ಲ, ಅವರ ಸೂಟಿನಲ್ಲಿ ನನಗೆಷ್ಟು ಎಲೆ ಎಂದು. ಆಮೇಲೆ ಎಕ್ಕ, ರಾಜ. ವೀಕ್ ಟೂ ಎದುರಿಗೆ ರಾಣಿ, ಗುಲಾಮಗಳಿಗೆ ಬೆಲೆ ಕಮ್ಮಿ. ಒಂಟಿ ಎಲೆ ಇದ್ದು 15 ಪಾಯಿಂಟ್ ಇದ್ದರೂ ಈಗ ನೆಮ್ಮದಿಯಿಂದ ಪಾಸ್ ಅನ್ನುತ್ತೇನೆ.

ಮೂರು ಎಲೆ ಇದ್ದರೆ ಇಬ್ಬರದೂ ಸೇರಿ ಒಂಬತ್ತು ತುರುಫು. ಆಗ ಬಡ ಕೈಯಲ್ಲೂ 3 ಹಾರ್ಟ್ಸ್ ಅನ್ನುತ್ತೇನೆ. ಇದು ಆಹ್ವಾನವಲ್ಲ, ಎದುರಾಳಿಗಳ ದಾರಿಗೆ ಅಡ್ಡ ಹಾಕುವುದು ಅಷ್ಟೇ. ಇದರ ಮೇಲೆ ಚಿಕ್ಕಪ್ಪ ಮುಂದುವರಿಯಬಾರದು. ನಾಲ್ಕು ಎಲೆ ಇದ್ದರೆ ಹತ್ತು ತುರುಫು, 4 ಪಾಯಿಂಟ್ ಇದ್ದರೂ ಸೀದಾ 4 ಹಾರ್ಟ್ಸ್. ನಾವು ವಲ್ನರಬಲ್ (ದಂಡವೂ ಬೋನಸ್ಸೂ ಹೆಚ್ಚಿರುವ ಸ್ಥಿತಿ) ಅಲ್ಲ, ಎದುರಾಳಿಗಳು ವಲ್ನರಬಲ್ ಎಂದಿಟ್ಟುಕೊಳ್ಳಿ. ಅವರು ಡಬಲ್ ಎಂದು ದಂಡ ಹೆಚ್ಚಿಸಿ, ನಾವು ಮೂರು ಡೌನ್ ಹೋದರೂ ನಷ್ಟ 500. ಅವರಿಗೆ 4 ಸ್ಪೇಡ್ಸ್ ಬಿಟ್ಟುಕೊಟ್ಟರೆ 620. ನಿಧಾನಿಸಿದರೆ ಕೆಲಸ ಕೆಟ್ಟಿತು. ಅವರು ಒಬ್ಬರಿಗೊಬ್ಬರು ಮಾತಾಡಿಕೊಳ್ಳುವ ಮೊದಲೇ ಕರೆ ಏರಿಸಬೇಕು.

ನಿಜವಾಗಿ ಗೇಮ್ (4 ಹಾರ್ಟ್ಸ್‌ನಂಥ ಬೋನಸ್ ಸಿಗುವ ಕರೆ) ಆಸೆ ಇದ್ದಾಗ 2 ನೋಟ್ರಂಪ್ ಎಂದು ಚಿಕ್ಕಪ್ಪನ ಕೈ ಹೇಗಿದೆಯೆಂದು ಕೇಳುತ್ತೇನೆ. ನಾವು ಆಡುವುದು ಆಗಸ್ಟ್, ಹೆರಾಲ್ಡ್ ಆಗಸ್ಟ್ ಎಂಬ ಅಮೆರಿಕದ ಆಟಗಾರನ ಪದ್ಧತಿ. ಅವರ ಉತ್ತರ 3 ಕ್ಲಬ್ಸ್ ಎಂದರೆ ಪಾಯಿಂಟೂ ಕಮ್ಮಿ, ಸೂಟೂ ಸಾಧಾರಣ. 3 ಡೈಮಂಡ್ಸ್ ಎಂದರೆ ಪಾಯಿಂಟ್ ಕಮ್ಮಿ, ಸೂಟ್ ಚೆನ್ನ. 3 ಹಾರ್ಟ್ಸ್ ಎಂದರೆ ಪಾಯಿಂಟ್ ಜಾಸ್ತಿ, ಸೂಟ್ ಸಾಧಾರಣ. 3 ಸ್ಪೇಡ್ಸ್ ಎಂದರೆ ಎರಡೂ ಚೆನ್ನ. ಎಕ್ಕ, ರಾಜ, ರಾಣಿ ಮೂರೂ ಅದೇ ಸೂಟಿನಲ್ಲಿದ್ದರೆ 3 ನೋಟ್ರಂಪ್. ಮೊನ್ನೆ ನನ್ನಲ್ಲಿ ಸ್ಪೇಡ್ ಎಕ್ಕ, ಹಾರ್ಟ್ ರಾಜ ಸೇರಿ ಮೂರು ಎಲೆ, ಡೈಮಂಡ್ ಎಕ್ಕ, ರಾಜ: 14 ಪಾಯಿಂಟ್ ಮಾತ್ರ. ಕೇಳಿದೆ, 3 ಸ್ಪೇಡ್ಸ್ ಬಂತು, 4 ಹಾರ್ಟ್ಸ್ ಹತ್ತಿದೆ. 3 ಕ್ಲಬ್ಸ್ ಬಂದಿದ್ದರೆ 3 ಹಾರ್ಟ್ಸ್‌ಗೇ ನಿಲ್ಲಿಸುತ್ತಿದ್ದೆ.

ಒಂದು ವಿಷಯ ಮಾತ್ರ ಇನ್ನೂ ಚರ್ಚೆಯಲ್ಲಿದೆ. 2 ಹಾರ್ಟ್ಸ್ ಮೇಲೆ ನಾನು 2 ಸ್ಪೇಡ್ಸ್ ಅಂದರೆ ಅವರು ಪಾಸ್ ಅನ್ನುವಂತಿಲ್ಲ, ಅದರಲ್ಲಿ ಇಬ್ಬರಿಗೂ ಒಪ್ಪಿಗೆ. ಆದರೆ ಮೂರು ಸಣ್ಣ ಸ್ಪೇಡ್ ಇದ್ದಾಗ ಅವರು ಏರಿಸಬೇಕೆಂದು ನಾನು, ಮೂರರಲ್ಲಿ ಒಂದಾದರೂ ದೊಡ್ಡದಿರಬೇಕೆಂದು ಚಿಕ್ಕಪ್ಪ. ಡೈರಿಯಲ್ಲಿ ಆ ಸಾಲನ್ನು ಸದ್ಯಕ್ಕೆ ಪೆನ್ಸಿಲಿನಲ್ಲೇ ಬರೆದಿಟ್ಟಿದ್ದೇವೆ.